ಹೆಳವನ ಹೊತ್ತಿಗೆಯಲ್ಲಿ ಇಲ್ಲದ ಹೆಸರು

ಬೀದರ ಜಿಲ್ಲೆಯ ಹುಮನಾಬಾದ ತಾಲ್ಲೂಕಿನಲ್ಲಿ ಹುಡಗಿ ಎಂಬ ಊರಿದೆ. ನಾನು ಹುಟ್ಟಿ ಬೆಳೆದದ್ದು ಅಲ್ಲಿ. ಊರ ಹೆಸರು ಹೇಳಿದಾಗಲೆಲ್ಲ ಮೈಸೂರು ಕಡೆಯ ಮಿತ್ರರು ಮುಗುಳ್ನಗುತ್ತಾರೆ. ಅವರೊಡನೆ ನಾನೂ ನಕ್ಕಿದ್ದೇನೆ. ಆದರೆ ಈಚೆಗೆ ಆ ನಗೆಯಲ್ಲಿ ನನಗೊಂದು ಮುಳ್ಳು ಚುಚ್ಚತೊಡಗಿದೆ. ಅದೇಕೆಂಬುದನ್ನು ಹೇಳುವುದೇ ಈ ಮಾತಿನ ಉದ್ದೇಶ.

ನಾನು ಚಿಕ್ಕವನಾಗಿದ್ದಾಗ, ಸುಗ್ಗಿ ಮುಗಿದು ಜೋಳ ಹಗೇವು ಸೇರಿದ ಮೇಲೆ, ಕೆಲವು ವರ್ಷಕ್ಕೊಮ್ಮೆ ನಮ್ಮ ಮನೆಗೆ ಹೆಳವ ಬರುತ್ತಿದ್ದ. ಎತ್ತಿನ ಮೇಲೆ ಕಾಲು ಮಡಿಸಿ ಕುಳಿತು, ಮೊಣಕಾಲಿನ ಕೆಳಗೆ ಏನೂ ಕಾಣದಂತೆ ಕಂಬಳಿ ಹೊದ್ದಿರುತ್ತಿದ್ದ. ಹೆಳವನೆಂದರೆ ಕಾಲಿಲ್ಲದವನು. ಕಾಲಿಲ್ಲದ ಭಕ್ತನೊಬ್ಬನಿಗೆ ಬಸವಣ್ಣನವರೇ ಎತ್ತು ಕೊಟ್ಟು, ಮನೆಮನೆಯ ವಂಶವನ್ನು ಹೇಳಿ ಬದುಕೆಂದು ಹರಸಿದರೆಂಬುದು ಅವರಲ್ಲಿ ನಡೆದುಬಂದ ಕಥೆ. ಬಸವಕಲ್ಯಾಣ ನಮಗೆ ನೆರೆಯದಾದ್ದರಿಂದ ಅದು ನಮ್ಮ ಮನೆಯ ಕಥೆಯೇ ಎಂಬಂತೆ ಕೇಳಿಸುತ್ತಿತ್ತು.

ಅಂಗಳದಲ್ಲಿ ಎತ್ತು ನಿಂತೊಡನೆ ಆತ ದನಿಯೆತ್ತಿ ಆರಂಭಿಸುತ್ತಿದ್ದ. ನಮ್ಮ ಬೆಡಗು ಯಾವುದು, ಮೂಲಪುರುಷ ಯಾವ ಊರಿನಿಂದ ಯಾವ ಬರದಲ್ಲಿ ಹೊರಟುಬಂದ, ಅವನಿಗೆ ಎಷ್ಟು ಗಂಡುಮಕ್ಕಳು, ಯಾರ ವಂಶ ಬೆಳೆಯಿತು, ಯಾರದು ನಿಂತಿತು, ಇದೆಲ್ಲ ಒಂದೇ ಉಸಿರಿನಲ್ಲಿ ಹೊಳೆಯಂತೆ ಹರಿದುಬರುತ್ತಿತ್ತು. ಮುತ್ಯಾ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ತಮ್ಮ ತಂದೆಯ ಹೆಸರು ಬಂದಾಗ ಮಾತ್ರ ಅವರ ತುಟಿ ಅಲುಗುತ್ತಿತ್ತು. ಕೊನೆಗೆ ಹೆಳವ ಹಳೆಯ ಹೊತ್ತಿಗೆಯನ್ನು ಬಿಚ್ಚಿ, ಹಿಂದಿನ ಸಲ ಬಂದು ಹೋದ ಮೇಲೆ ಹುಟ್ಟಿದ ಗಂಡುಮಕ್ಕಳ ಹೆಸರನ್ನು ಬರೆದುಕೊಂಡು, ಜೋಳವನ್ನೋ ಒಂದು ಕರುವನ್ನೋ ಪಡೆದು ಹೋಗುತ್ತಿದ್ದ.

ಒಂದು ಸಲ ಬಾಗಿಲ ಮರೆಯಲ್ಲಿ ನಿಂತಿದ್ದ ನಮ್ಮ ಆಯಿ ಕೇಳಿದರು: "ಯಪ್ಪಾ, ನನ್ ಹೆಸ್ರು ಅದ್ರಾಗ್ ಎಲ್ಲದಾ?" ಹೆಳವ ತಡವರಿಸಲಿಲ್ಲ. "ನಿಮ್ ಹೆಸ್ರು ಇಲ್ಲಿ ಬರಂಗಿಲ್ರಿ ಅವ್ವಾರೆ. ನಿಮ್ ಅಣ್ಣತಮ್ಮರ ಹೆಸ್ರು ನಿಮ್ ತವರಿನ ಹೊತ್ತಿಗ್ಯಾಗ ಇರ್ತಾವ" ಎಂದ. ಎಲ್ಲರೂ ನಕ್ಕರು. ಆಯಿಯೂ ನಕ್ಕು, ಮೊರದಲ್ಲಿ ಜೋಳ ತಂದು ಅವನ ಜೋಳಿಗೆಗೆ ಸುರಿದರು.

ಮುಂದೆ ನಾನು ಓದಿ, ಶಿಕ್ಷಕನಾಗಿ, ಮನೆತನದ ಚರಿತ್ರೆಯನ್ನು ಬರೆಯಬೇಕೆಂಬ ಹುರುಪಿನಿಂದ ಮುತ್ಯಾನ ಪೆಟ್ಟಿಗೆಯನ್ನು ತೆರೆದೆ. ನಮ್ಮ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಜಮೀನಿನ ಕಾಗದಗಳು ಉರ್ದುವಿನಲ್ಲಿದ್ದವು. ಆ ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಹೀಗಾಗಿ ನಮ್ಮ ಊರಿನ ಹೆಸರನ್ನೂ ಹಿರಿಯರ ಹೆಸರನ್ನೂ ಓದುವವರ ಊಹೆಗೇ ಬಿಡಬೇಕಾಯಿತು. ಓದಿಸಿದ ಮೇಲೆ ಸಿಕ್ಕಿದ್ದೂ ಗಂಡಸರ ಹೆಸರುಗಳೇ. ಹೊಲ ಯಾರದೋ ಕಾಗದವೂ ಅವರದೇ.

ಆ ದಿನಗಳಲ್ಲಿ ನನ್ನ ಸಹೋದ್ಯೋಗಿಯೊಬ್ಬರು ತಮ್ಮ ಹಿರಿಯರನ್ನು ಹುಡುಕುತ್ತಿದ್ದರು. ಅವರು ಕ್ರೈಸ್ತರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಮೆರಿಕದ ಮೆಥಡಿಸ್ಟ್ ಮಿಷನರಿಗಳು ಬೀದರ ಸೀಮೆಗೆ ಬಂದ ತರುವಾಯ ದೀಕ್ಷಾಸ್ನಾನ ಪಡೆದ ಮನೆತನ ಅವರದು. ಅವರ ಹಿರಿಯರ ಕೇರಿಗೆ ನಮ್ಮ ಹೆಳವ ಕಾಲಿಟ್ಟವನಲ್ಲ. ಹೊಲದ ಕಾಗದವೂ ಅವರಿಗಿರಲಿಲ್ಲ. ಆದರೆ ಚರ್ಚಿನ ಹಳೆಯ ದಾಖಲೆ ಪುಸ್ತಕದಲ್ಲಿ, ಗೆದ್ದಲು ತಿಂದ ಪುಟವೊಂದರಲ್ಲಿ, ಅವರ ಅಜ್ಜಿಯ ಹೆಸರಿತ್ತು. ಪಕ್ಕದಲ್ಲೇ ಅಜ್ಜಿಯ ತಾಯಿಯ ಹೆಸರೂ ಇತ್ತು. ಅವರು ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನಿದ್ದರು. ಊರು ಯಾರನ್ನು ಹೊರಗೆ ನಿಲ್ಲಿಸಿತ್ತೋ ಅವರ ಮನೆಯ ಹೆಣ್ಣಿಗೆ ಸಿಕ್ಕ ಒಂದು ಸಾಲು, ನಮ್ಮ ಆಯಿಗೆ ಸಿಕ್ಕಿರಲಿಲ್ಲ.

ಇಂಥ ಹುಡುಕಾಟವನ್ನು ಒಂದು ಇಡೀ ಜನಾಂಗವೇ ಕೈಗೊಂಡಿರುವುದನ್ನು ಐರ್ಲೆಂಡಿನ ವಿಚಾರ ಓದುವಾಗ ತಿಳಿದೆ. 1845ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಆರಂಭವಾದ ಅಲ್ಲಿನ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿದರು. ಅವರ ಮರಿಮಕ್ಕಳು ಇಂದು ಅಮೆರಿಕ, ಆಸ್ಟ್ರೇಲಿಯಗಳಿಂದ ಬಂದು ಮೂಲದ ಊರನ್ನು ಅರಸುತ್ತಾರೆ. ಆದರೆ 1922ರ ಜೂನ್ 30ರಂದು, ಅಂತರ್ಯುದ್ಧದ ಕಾಲದಲ್ಲಿ, ಡಬ್ಲಿನ್ ನಗರದ ಸರ್ಕಾರಿ ದಾಖಲೆಗಳ ಭಂಡಾರ ಸ್ಫೋಟಗೊಂಡು ಉರಿದುಹೋಯಿತು. 1821ರಿಂದ 1851ರವರೆಗಿನ ಜನಗಣತಿಯ ಬಹುಭಾಗ, ಪ್ರಾಟೆಸ್ಟಂಟ್ ಚರ್ಚಿನ ನೂರಾರು ದಾಖಲೆ ಪುಸ್ತಕಗಳು ಬೂದಿಯಾದವು. ಉಳಿದದ್ದು ಯಾವುದು? ರಾಜಧಾನಿಗೆ ಹೋಗದೆ, ಹಳ್ಳಿಯ ಕ್ಯಾಥೊಲಿಕ್ ಪಾದ್ರಿಗಳ ಮನೆಯಲ್ಲೇ ಇದ್ದ ಪುಸ್ತಕಗಳು. ಅವನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಮೈಕ್ರೋಫಿಲ್ಮಿಗೆ ಇಳಿಸಿ, 2015ರಲ್ಲಿ ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು.

ಆ ಪುಸ್ತಕಗಳ ಕಷ್ಟವೂ ನಮ್ಮ ಉರ್ದು ಕಾಗದಗಳ ಕಷ್ಟದಂತೆಯೇ. ಮನೆಯಲ್ಲಿ ಜೇಮ್ಸ್ ಎನಿಸಿಕೊಂಡವನು ಲ್ಯಾಟಿನ್ ಬರಹದಲ್ಲಿ ಜಾಕೋಬಸ್ ಆಗಿರುತ್ತಾನೆ. ಆದರೂ ಮಗುವಿನ ದೀಕ್ಷಾಸ್ನಾನದ ಸಾಲಿನಲ್ಲಿ ತಂದೆಯ ಜೊತೆಗೆ ತಾಯಿಯ ಹೆಸರನ್ನು, ಸಾಮಾನ್ಯವಾಗಿ ಅವಳ ತವರಿನ ಮನೆತನದ ಹೆಸರಿನೊಡನೆ, ಬರೆದಿರುತ್ತಾರೆ. ಆ ಒಂದು ಎಳೆಯನ್ನು ಹಿಡಿದು ಅಜ್ಜಿಯ ಅಜ್ಜಿಯ ಊರಿಗೆ ಹೋಗಿ ನಿಂತವರಿದ್ದಾರೆ.

ಇದನ್ನು ಹೇಳಿ ನಾನು ಹೆಳವರನ್ನು ಹಳಿಯುತ್ತಿಲ್ಲ. ಅರಸರು ಮರೆತ ಒಕ್ಕಲಿಗನನ್ನು, ಕುರುಬನನ್ನು ನೆನಪಿಟ್ಟವರು ಅವರು. ಬೆಂಕಿಗೆ ಸಿಗದ ಭಂಡಾರವೊಂದನ್ನು ಎತ್ತಿನ ಬೆನ್ನ ಮೇಲೆ ಹೊತ್ತು ತಿರುಗಿದರು. ಅವರು ಬರೆದದ್ದು ನಾವು ಬರೆಯಿಸಿದ್ದನ್ನೇ. ಹೆಣ್ಣಿನ ಹೆಸರು ಬೇಕೆಂದು ನಮ್ಮ ಅಂಗಳದಲ್ಲಿ ಕೇಳಿದ್ದು ಒಬ್ಬರೇ, ಆಗ ನಕ್ಕವರು ನಾವು.

ಕೆಲವು ವರ್ಷಗಳ ಹಿಂದೆ ಆ ಹೆಳವನ ಮೊಮ್ಮಗ ನಮ್ಮ ಮನೆಗೆ ಬಂದ. ಎತ್ತಿರಲಿಲ್ಲ, ಮೋಟಾರ್ ಸೈಕಲ್ ಇತ್ತು. ಆಯಿಯ ಹೆಸರನ್ನು ಬರೆದುಕೋ ಎಂದೆ. ಆತ ಸ್ವಲ್ಪ ಯೋಚಿಸಿ, "ಬರೀತೀನ್ರಿ, ಅದ್ರಾಗೇನು" ಎಂದು ಲೇಖನಿ ತೆಗೆದ. ಹೆಸರು ಹೇಳಿದೆ, ಬರೆದ. ತವರೂರು ಹೇಳಿದೆ, ಬರೆದ. "ಅವರ ತಾಯಿ ಹೆಸ್ರೇನ್ರಿ ಗುರುಗಳೆ?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಆಯಿ ತೀರಿಕೊಂಡು ಬಹಳ ಕಾಲವಾಗಿತ್ತು. ಬಲ್ಲವರು ಒಬ್ಬರೂ ಉಳಿದಿರಲಿಲ್ಲ. ಹತ್ತು ವರ್ಷ ಅವರ ಮಗ್ಗುಲಲ್ಲಿ ಮಲಗಿ ಕಥೆ ಕೇಳಿದ ನಾನು ಆ ಒಂದು ಮಾತನ್ನು ಕೇಳಿರಲಿಲ್ಲ. ಆತ ಅಷ್ಟು ಜಾಗವನ್ನು ಖಾಲಿ ಬಿಟ್ಟು ಹೊತ್ತಿಗೆ ಮುಚ್ಚಿದ.

ನಿಮ್ಮ ಮನೆಯಲ್ಲಿ ಅಜ್ಜಿ ಇದ್ದರೆ, ಅವರ ತಾಯಿಯ ಹೆಸರನ್ನು ಇಂದೇ ಕೇಳಿ ಬರೆದಿಡಿ.