ಜಂಗ್ಲಿ ಶೇಂಗಾದ ಋಣ



ಮಕ್ಕಳು ಜಗಳವಾಡುವಾಗ ಒಬ್ಬರನ್ನೊಬ್ಬರು ‘ಜಂಗ್ಲಿ’ ಎಂದು ಬೈಯುವುದನ್ನು ಶಾಲೆಯಲ್ಲಿ ದಿನವೂ ಕೇಳುತ್ತೇನೆ. ಉರ್ದುವಿನಲ್ಲೂ ಕನ್ನಡದಲ್ಲೂ ಅದು ಬೈಗುಳವೇ. ಆದರೆ ನಮ್ಮ ಶೇಂಗಾ ಬೆಳೆಗೆ ರೋಗ ತಡೆಯುವ ಶಕ್ತಿ ಕೊಟ್ಟದ್ದು ಒಂದು ಜಂಗ್ಲಿ ಗಿಡವೇ ಎಂಬುದನ್ನು ಇಂದು ತಮ್ಮ ಮುಂದೆ ಹೇಳಬಯಸುತ್ತೇನೆ.

ರೋಣ, ನರಗುಂದ, ಗಜೇಂದ್ರಗಡದ ಮನೆಗಳಲ್ಲಿ ಶೇಂಗಾ ಚಟ್ನಿ ಇಲ್ಲದೆ ರೊಟ್ಟಿ ಇಳಿಯುವುದಿಲ್ಲ. ಶೇಂಗಾದ ಹೊಟ್ಟು ದನಗಳಿಗೆ ಮೇವು. ಆದರೆ ಮಳೆ ಹಿಡಿದು ಹವೆ ತಂಪಾದಾಗ ಎರಡು ಶಿಲೀಂಧ್ರ ರೋಗಗಳು ಬರುತ್ತವೆ. ಎಲೆಯ ಮೇಲೆ ಕಪ್ಪು ಚುಕ್ಕೆ ಬಿದ್ದರೆ ಟಿಕ್ಕಾ ರೋಗ. ಎಲೆಯ ಅಡಿಯಲ್ಲಿ ಕೆಂಪು ಪುಡಿಯಂತೆ ಕಂಡರೆ ತುಕ್ಕು ರೋಗ. ಎಲೆ ಉದುರುತ್ತದೆ, ಕಾಯಿ ಜೊಳ್ಳಾಗುತ್ತದೆ, ಹೊಟ್ಟೂ ಕೆಡುತ್ತದೆ. ಎರಡೂ ಕೂಡಿ ಬಂದರೆ ಅರ್ಧಕ್ಕಿಂತ ಹೆಚ್ಚು ಫಸಲು ಹೋಗಬಹುದು. ಔಷಧಿ ಹೊಡೆಯಲು ಸಾಲ ಮಾಡಿದ ಮನೆಯಲ್ಲಿ ಮಗಳ ಕಾಲೇಜು ಫೀ ಮುಂದಕ್ಕೆ ಹೋಗುತ್ತದೆ. ಇದು ನಮ್ಮ ಸಂಸ್ಥೆಗೂ ಸಂಬಂಧಿಸಿದ ಮಾತು.

ಪರಿಹಾರ ದೂರದ ದಕ್ಷಿಣ ಅಮೆರಿಕದಲ್ಲಿತ್ತು. ಬೊಲಿವಿಯಾದ ‘ಅರಾಚಿಸ್ ಕಾರ್ಡೆನಾಸಿ’ ಎಂಬ ಕಾಡು ಶೇಂಗಾಕ್ಕೆ ಈ ರೋಗಗಳು ತಟ್ಟುವುದಿಲ್ಲ. ಆದರೆ ನೆಂಟಸ್ತಿಕೆ ಸುಲಭವಾಗಿರಲಿಲ್ಲ. ಹೊಲದ ಶೇಂಗಾದಲ್ಲಿ 40 ವರ್ಣತಂತುಗಳು, ಕಾಡಿನದರಲ್ಲಿ 20. ಎರಡನ್ನೂ ಕೂಡಿಸಿದರೆ ಹುಟ್ಟುವ ಗಿಡ ಬಂಜೆ. 1960ರ ದಶಕದಲ್ಲಿ ಅಮೆರಿಕದ ವಿಜ್ಞಾನಿಗಳು ಕಾಲ್ಚಿಸಿನ್ ಎಂಬ ರಾಸಾಯನಿಕದಿಂದ ಆ ಗಿಡದ ವರ್ಣತಂತುಗಳನ್ನು ಇಮ್ಮಡಿಗೊಳಿಸಿ, ಮುಂದಿನ ಪೀಳಿಗೆಗಳಲ್ಲಿ ಮತ್ತೆ 40ಕ್ಕೆ ಬಂದ ಗಿಡಗಳನ್ನು ಆರಿಸಿದರು.

ಈ ಕಾಡು ರಕ್ತ ಹರಿದಿದ್ದ ‘ಐಸಿಜಿವಿ 86855’ ಎಂಬ ಸಾಲನ್ನು ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ‘ಕೆಆರ್‌ಜಿ-1’ ತಳಿಯೊಂದಿಗೆ ಸಂಕರ ಮಾಡಿದರು. ಅದರಿಂದ ಬಂದದ್ದೇ ಜಿಪಿಬಿಡಿ-4. ಟಿಕ್ಕಾ, ತುಕ್ಕು ಎರಡನ್ನೂ ತಡೆಯುವ ತಳಿ! ಮುಂದೆ ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ಇದರ ತುಕ್ಕು ನಿರೋಧಕ ಗುಣವನ್ನು ಜೆಎಲ್-24ರಂಥ ತಳಿಗಳಿಗೂ ಸೇರಿಸಿದರು. ಆ ಒಂದು ಕಾಡು ಗಿಡದ ಗುಣ ಸುಮಾರು 30 ದೇಶಗಳ ತಳಿಗಳಿಗೆ ಹರಡಿದೆ ಎಂದು 2021ರ ಅಧ್ಯಯನವೊಂದು ತಿಳಿಸಿತು.

ಆ ಗಿಡವನ್ನು ಯಾರೂ ಸಂಗ್ರಹಿಸದೆ, ಅದರ ಕಾಡು ಕಡಿದುಹೋಗಿದ್ದರೆ? ತೊಗರಿ, ಬದನೆಗಳ ಕಾಡು ನೆಂಟರು ನಮ್ಮ ದೇಶದ ಗುಡ್ಡ-ಬಯಲುಗಳಲ್ಲೇ ಇದ್ದಾರೆ. ಗುಡ್ಡಕ್ಕೆ ಬೆಂಕಿ ಹಚ್ಚುವ ಮುನ್ನ ಇದನ್ನು ನೆನೆಯಬೇಕು.

ಹಿರಿಯರಲ್ಲಿ ನನ್ನ ವಿನಂತಿ: ಡಾಕ್ಟರ್, ಇಂಜಿನಿಯರ್ ಓದುವವರಿಗೆ ಕೊಡುವ ನೆರವನ್ನು ಬಿಎಸ್ಸಿ ಕೃಷಿ ಓದುವವರಿಗೂ ಕೊಡಿ. ವಿದ್ಯಾರ್ಥಿಗಳೇ, ಧಾರವಾಡ ನಮಗೆ ದೂರವಿಲ್ಲ. ಮುಂದಿನ ತಳಿಯನ್ನು ಕಂಡುಹಿಡಿಯುವವರು ಈ ಸಭೆಯಲ್ಲೇ ಕುಳಿತಿರಬಹುದು.