ಮನೆಯ ಯಜಮಾನ, ಊರಿನ ಭಂಡಾರಿ



ಶ್ರಾವಣದ ಈ ಪ್ರವಚನಕ್ಕೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ಕಡೆಯಿಂದ ನೀವೆಲ್ಲ ದಿನದ ಕೆಲಸ ಮುಗಿಸಿಕೊಂಡು ಬಂದಿರುವಿರಿ. ಕೆಲವರು ತೊಗರಿ ಹೊಲದಿಂದ, ಕೆಲವರು ಸಿಮೆಂಟು ಕಾರ್ಖಾನೆಯಿಂದ, ಕೆಲವರು ಕಲ್ಲಿನ ಗಣಿಯಿಂದ. ಇಂದು ನಾವು ಹಣದ ಮಾತನ್ನೇ ಆಡಬೇಕೆಂದಿದ್ದೇವೆ. ಮಠದೊಳಗೆ ಹಣದ ಮಾತೇಕೆ ಎಂದು ಯಾರೂ ಸಂಕೋಚಪಡಬೇಕಾಗಿಲ್ಲ. ಕಲ್ಯಾಣದಲ್ಲಿ ಬಸವಣ್ಣನವರ ಕಾಯಕ ಯಾವುದಾಗಿತ್ತು? ಬಿಜ್ಜಳನ ಭಂಡಾರವನ್ನು ಕಾಯುವುದು, ಅದರ ಲೆಕ್ಕವನ್ನು ಒಪ್ಪಿಸುವುದು. ಹಣ ಮೈಲಿಗೆಯಲ್ಲ, ಅದನ್ನು ಹಿಡಿದ ಕೈ ಶುದ್ಧವಾಗಿರಬೇಕು, ಅಷ್ಟೇ.

ಅಂಥ ಶುದ್ಧ ಕೈಯ ಒಬ್ಬ ಹಿರಿಯರನ್ನು ಇಂದು ನೆನೆಯೋಣ. ಅವರು ಗದಗ ತಾಲೂಕಿನ ಕಣಗಿನಹಾಳ ಗ್ರಾಮದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. 1843ರಲ್ಲಿ ಹುಟ್ಟಿ 1933ರಲ್ಲಿ ಲಿಂಗೈಕ್ಯರಾದರು. ತೊಂಬತ್ತು ವರ್ಷಗಳ ತುಂಬುಬಾಳು. ನಾಡು ಅವರನ್ನು ಸಹಕಾರ ಚಳವಳಿಯ ಪಿತಾಮಹರೆಂದು ಕರೆಯುತ್ತದೆ. ಪಿತಾಮಹ ಎಂದರೆ ಅಜ್ಜ. ದೊಡ್ಡ ಬಿರುದುಗಳನ್ನು ಬಿಟ್ಟು ಜನ ಅವರಿಗೆ ಮನೆಯ ಅಜ್ಜನ ಹೆಸರನ್ನೇ ಕೊಟ್ಟರಲ್ಲ, ಅದೇ ಸರಿಯಾದ ಗೌರವ.

ಅವರು ಕಂಡ ಕಾಲ ಎಂಥದು? ಅವರಿಗೆ ಮೂವತ್ತೆರಡು ವರ್ಷವಾಗಿದ್ದಾಗ, 1875ರಲ್ಲಿ, ಪುಣೆ ಮತ್ತು ಅಹಮದನಗರದ ಸೀಮೆಯಲ್ಲಿ ರೈತರು ದಂಗೆ ಎದ್ದರು. ಸಾಹುಕಾರರ ಮನೆಗೆ ನುಗ್ಗಿ ಸಾಲದ ಪತ್ರಗಳನ್ನು ಬೀದಿಗೆ ತಂದು ಸುಟ್ಟರು. ಮರುವರ್ಷವೇ ಧಾತು ಸಂವತ್ಸರದ ಬರ ಬಂತು. ಧಾರವಾಡ, ವಿಜಾಪುರದ ಕಡೆ ಊರಿಗೆ ಊರೇ ಬರಿದಾಯಿತು. ಬೀಜಕ್ಕೆ ಸಾಲ, ಎತ್ತಿಗೆ ಸಾಲ, ಮಗಳ ಮದುವೆಗೆ ಸಾಲ. ಕಡೆಗೆ ಹಳೆಯ ಸಾಲದ ಬಡ್ಡಿ ಕಟ್ಟಲು ಹೊಸ ಸಾಲ. ಪತ್ರವನ್ನು ಸುಟ್ಟರೂ ಸಾಲ ಸುಡಲಿಲ್ಲ. ಏಕೆಂದರೆ ಮುಂದಿನ ಬಿತ್ತನೆಗೆ ಅದೇ ಸಾಹುಕಾರನ ಕಟ್ಟೆಯೇ ಗತಿ.

ಜರ್ಮನಿ ದೇಶದಲ್ಲಿ ರೈಫೈಸನ್ ಎಂಬ ಮಹನೀಯರು ಇದಕ್ಕೊಂದು ದಾರಿ ಕಂಡುಕೊಂಡಿದ್ದರು. ಬಡವರು ಒಬ್ಬೊಬ್ಬರಾಗಿ ಹೋದರೆ ಯಾರೂ ನಂಬುವುದಿಲ್ಲ. ಒಂದೇ ಊರಿನವರು ಕೂಡಿ, ಒಬ್ಬರಿಗೊಬ್ಬರು ಹೊಣೆ ನಿಂತರೆ ಆ ಹೊಣೆಯೇ ಅಡವು. 1904ರಲ್ಲಿ ಬ್ರಿಟಿಷ್ ಸರಕಾರ ನಮ್ಮ ದೇಶದಲ್ಲಿಯೂ ಸಹಕಾರಿ ಪತ್ತಿನ ಸಂಘಗಳ ಕಾನೂನನ್ನು ಮಾಡಿತು. ನಮ್ಮ ಈ ಭಾಗ ಆಗ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಆ ಕಾನೂನು ಇಲ್ಲಿಗೆ ಬರಲಿಲ್ಲ. ಆದರೆ ಮುಂಬಯಿ ಪ್ರಾಂತದಲ್ಲಿದ್ದ ಕಣಗಿನಹಾಳದಲ್ಲಿ ಮರುವರ್ಷ, 1905ರಲ್ಲಿ, ಸಿದ್ದನಗೌಡರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಆ ಕಾನೂನಿನಡಿ ದೇಶದಲ್ಲಿ ಹುಟ್ಟಿದ ಮೊದಲ ಸಂಘವೆಂದು ಅದು ಹೆಸರಾಯಿತು.

ಲೆಕ್ಕ ಹಾಕಿ ನೋಡಿರಿ. ಆಗ ಗೌಡರ ವಯಸ್ಸು ಅರವತ್ತೆರಡು. ಈಗಿನ ನೌಕರದಾರರು ಪಿಂಚಣಿ ಎಣಿಸುತ್ತ ಕೂಡುವ ವಯಸ್ಸು. ನಮ್ಮ ಹಳ್ಳಿಗಳಲ್ಲಿ ಕೀಲಿಕೈ ಮಗನ ಕೈಗೆ ಕೊಟ್ಟು ಕಟ್ಟೆಯ ಮೇಲೆ ಕೂಡುವ ವಯಸ್ಸು. ಅವರು ಆ ವಯಸ್ಸಿನಲ್ಲಿ ಊರಿನ ಸಾಲದ ಹೊರೆಗೆ ಹೆಗಲು ಕೊಟ್ಟರು. ಆಮೇಲೆ ಇಪ್ಪತ್ತೆಂಟು ವರ್ಷ ಬಾಳಿದರು.

ಆ ಕಾನೂನಿನಲ್ಲಿ ಒಂದು ಕಠಿಣವಾದ ಮಾತಿತ್ತು. ಅದನ್ನು ನೀವು ಲಕ್ಷ್ಯವಿಟ್ಟು ಕೇಳಬೇಕು. ಹಳ್ಳಿಯ ಸಂಘದಲ್ಲಿ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಸಂಘ ಮುಳುಗಿದರೆ ಅದರ ಸಾಲಕ್ಕೆ ಪ್ರತಿಯೊಬ್ಬ ಸದಸ್ಯನ ಹೊಲ ಮನೆಯೂ ಗುರಿ. ಏನೂ ಇಲ್ಲದವನಿಗೆ ಇದರಲ್ಲಿ ಭಯವೇನು? ಎರಡು ಎಕರೆಯವನು ಕಳೆದುಕೊಳ್ಳುವುದು ಎರಡೇ ಎಕರೆ. ಭಯವಿದ್ದುದು ಉಳ್ಳವನಿಗೆ, ಗೌಡಿಕೆಯ ಮನೆತನಕ್ಕೆ. ಬಡ್ಡಿಗೆ ಕೊಟ್ಟು ದುಡ್ಡು ಬೆಳೆಸುವ ದಾರಿ ಉಳ್ಳವನಿಗೆ ತೆರೆದೇ ಇತ್ತು. ಅದನ್ನು ಬಿಟ್ಟು ಬಡವನ ಪಕ್ಕದಲ್ಲಿ ತನ್ನ ಹೆಸರನ್ನೂ ಬರೆಯಿಸುವುದೆಂದರೆ, ತನ್ನ ಅಂಗಳವನ್ನು ಊರಿನ ಅಂಗಳಕ್ಕೆ ಕೂಡಿಸಿದಂತೆ.

ಯಜಮಾನ ಎಂಬ ಶಬ್ದವನ್ನು ನಾವು ದಿನಾಲೂ ಆಡುತ್ತೇವೆ. ಮನೆಯಲ್ಲಿ ಅಪ್ಪಣೆ ಮಾಡುವವನು ಎಂದು ಅರ್ಥ ಮಾಡಿಕೊಂಡಿದ್ದೇವೆ. ಸಂಸ್ಕೃತದಲ್ಲಿ ಅದರ ಮೂಲ ಅರ್ಥ ಬೇರೆ. ಯಜ್ಞದ ಖರ್ಚನ್ನು ತಾನು ಹೊತ್ತು ನಡೆಸುವವನೇ ಯಜಮಾನ. ಹೊರುವವನು ಯಜಮಾನನೇ ಹೊರತು ಹೇರುವವನಲ್ಲ. ಈ ಅರ್ಥದಲ್ಲಿ ಸಿದ್ದನಗೌಡರು ಊರಿಗೇ ಯಜಮಾನರು.

ಈಗ ನಮ್ಮದೇ ಒಂದು ತಪ್ಪನ್ನು ನಿಮ್ಮ ಮುಂದೆ ಇಡುತ್ತೇವೆ. ನಾವು ಪಟ್ಟಕ್ಕೆ ಬಂದ ಹೊಸದರಲ್ಲಿ ಒಬ್ಬ ರೈತ ಬಂದು ಕೇಳಿದ: "ಅಪ್ಪೋರೇ, ನಮ್ಮ ಬಾಜೂ ಹೊಲದಾಂವ ಸಾಲಕ್ಕ ಜಾಮೀನು ನಿಲ್ಲು ಅಂತಾನ. ನಿಲ್ಲಲೋ ಬ್ಯಾಡೋ?" ನಾವು ಪಾಠಶಾಲೆಯಲ್ಲಿ ಕಾವ್ಯ, ವ್ಯಾಕರಣ ಓದಿದವರು; ಹೊಲದ ಲೆಕ್ಕ ತಿಳಿಯದವರು. "ಜಾಮೀನು ನಿಂತು ಕೆಟ್ಟವರೇ ಬಹಳ, ಬೇಡಪ್ಪ" ಎಂದುಬಿಟ್ಟೆವು. ಆತ ನಿಲ್ಲಲಿಲ್ಲ. ಬಾಜೂ ಹೊಲದವನು ಖಾಸಗಿ ಬಡ್ಡಿಗೆ ಹೋದ. ಆ ವರುಷ ಮಳೆ ಕೈಕೊಟ್ಟಿತು. ಮೊದಲು ಎತ್ತು ಹೋದವು, ಆಮೇಲೆ ಹೊಲ ಹೋಯಿತು. ಆತ ಗಣಿಯ ಕೂಲಿಗೆ ಹೋದ. ಇಬ್ಬರೂ ಈಗಲೂ ಮಠಕ್ಕೆ ಬರುತ್ತಾರೆ. ಒಬ್ಬರು ಈ ಕಂಬದ ಹತ್ತಿರ ಕೂತರೆ ಮತ್ತೊಬ್ಬರು ಆ ಕಂಬದ ಹತ್ತಿರ ಕೂಡುತ್ತಾರೆ. ಅವರ ನಡುವಿನ ಜಾಗ ನೋಡಿದಾಗಲೆಲ್ಲ ಅದನ್ನು ಅಳೆದು ಕೊಟ್ಟವರು ನಾವೇ ಎನಿಸುತ್ತದೆ.

ನಾವು ಕೇಳಬೇಕಾಗಿದ್ದುದು ಬೇರೆ. ಅವನಿಗೆ ಎಷ್ಟು ಬೇಕು? ಯಾವುದಕ್ಕೆ ಬೇಕು? ಬೆಳೆ ಬಂದರೆ ಹೇಗೆ ತೀರಿಸುತ್ತಾನೆ, ಬಾರದಿದ್ದರೆ ಯಾರು ಯಾರು ಎಷ್ಟೆಷ್ಟು ಹೊರುತ್ತೀರಿ? ಒಬ್ಬನೇ ಜಾಮೀನು ನಿಂತರೆ ಕೆಡುವುದು ನಿಜ. ಹತ್ತು ಜನ ನಿಂತರೆ ಹೊರೆ ಹತ್ತು ಪಾಲಾಗುತ್ತದೆ. ಸಾಲ ತಂದವನು ಅದನ್ನು ಬೀಜಕ್ಕೆ ಹಾಕಿದನೋ ಜೂಜಿಗೆ ಹಾಕಿದನೋ ಎಂದು ನೋಡಲು ಇಪ್ಪತ್ತು ಕಣ್ಣುಗಳಿರುತ್ತವೆ. ಸಂಘದ ಮರ್ಮವೇ ಇದು. ಅಲ್ಲಿ ದಯೆಯೂ ಇದೆ, ನಿಗಾ ಕೂಡ ಇದೆ. ನಿಗಾ ಇಲ್ಲದ ದಯೆ ಸಂಘವನ್ನು ಮುಳುಗಿಸುತ್ತದೆ. ದಯೆ ಇಲ್ಲದ ನಿಗಾ ಸಾಹುಕಾರನ ಕಟ್ಟೆಯಾಗುತ್ತದೆ.

ನೋಡಿರಿ, ಸಾಹುಕಾರ, ಸಹಕಾರ: ನಾಲಿಗೆಗೆ ಎಷ್ಟು ಹತ್ತಿರ, ಬಾಳಿಗೆ ಎಷ್ಟು ದೂರ! ಸಹಕಾರ ಎಂಬುದಕ್ಕೆ ಅಮರಕೋಶದಲ್ಲಿ ಇನ್ನೊಂದು ಅರ್ಥವಿದೆ: ಬಹಳ ಪರಿಮಳದ ಮಾವಿನ ಮರ. ಅರವತ್ತೆರಡರ ಮುದುಕ ಮಾವಿನ ಸಸಿ ನೆಟ್ಟರೆ ಹಣ್ಣು ಯಾರಿಗೆ? ಮೊಮ್ಮಕ್ಕಳಿಗೆ. ಸಿದ್ದನಗೌಡರು ನೆಟ್ಟದ್ದು ಅಂಥ ಸಸಿ.

ಇಲ್ಲಿ ಕೂತಿರುವ ಹಿರಿಯರಿಗೆ ಒಂದು ಮಾತು. ನಿಮ್ಮ ಮನೆಯ ಸಾಲ ಎಷ್ಟು, ಯಾರಿಗೆ ಕೊಡಬೇಕು, ಯಾರಿಂದ ಬರಬೇಕು ಎಂಬುದನ್ನು ಮಕ್ಕಳಿಗೆ, ಮನೆಯ ತಾಯಿಗೆ, ಸೊಸೆಗೆ ಕೂಡಿಸಿಕೊಂಡು ಹೇಳಿರಿ. ಮುಚ್ಚಿಟ್ಟ ಲೆಕ್ಕ ಹಿರಿಯರು ಹೋದ ಮೇಲೆ ಅಣ್ಣತಮ್ಮಂದಿರ ನಡುವೆ ಗೋಡೆಯಾಗಿ ಏಳುತ್ತದೆ. ಕಿರಿಯರಿಗೆ ಇನ್ನೊಂದು ಮಾತು. ಸೊಸೈಟಿಯ ಸಾಲ ಸರಕಾರದ್ದು, ಮುಳುಗಿಸಿದರೆ ಯಾರಿಗೇನು ಎನ್ನಬೇಡಿರಿ. ಅದು ಬಾಜೂ ಹೊಲದವನ ಮುಂದಿನ ವರ್ಷದ ಬೀಜ.

ಶಹಾಬಾದದ ಹಾಸುಗಲ್ಲು ನೋಡಿರುವಿರಿ. ಅದರ ಮೇಲೆ ನಡೆಯುವವರು ಕಲ್ಲನ್ನು ನೆನೆಯುವುದಿಲ್ಲ. ಆದರೆ ಕಾಲಿಗೆ ಕೆಸರು ಹತ್ತುವುದಿಲ್ಲ. ನೆಟ್ಟಗೆ ಬಾಳಿ ಹೋದ ಹಿರಿಯರೂ ಹಾಗೆಯೇ. ಈ ಇರುಳು ಮನೆಗೆ ಹೋಗಿ ನಿಮ್ಮ ಲೆಕ್ಕದ ಪುಸ್ತಕವನ್ನೊಮ್ಮೆ ಬಿಚ್ಚಿರಿ. ಈ ಕಂಬದವರೂ ಆ ಕಂಬದವರೂ ನಾಳೆ ಪ್ರಸಾದಕ್ಕೆ ಒಂದೇ ಪಂಕ್ತಿಯಲ್ಲಿ ಕೂಡಲಿ ಎಂದು ಹಾರೈಸಿ, ಇಂದಿನ ಮಾತುಗಳನ್ನು ಮುಗಿಸುತ್ತೇವೆ.