ಏಳನೆಯ ಹೆಜ್ಜೆ



ನಿವೃತ್ತಿಯ ತರುವಾಯ ಅನೇಕ ಮನೆಗಳಲ್ಲಿ ಪತಿಪತ್ನಿಯರ ಮಾತು ಔಷಧ, ಹಾಲಿನ ಲೆಕ್ಕಗಳಿಗೆ ಸೀಮಿತವಾಗುತ್ತದೆ. ಜಗಳವಿಲ್ಲ, ಒಲವೂ ಕಾಣದು. ರೈಲು ಹಳಿಯ ಕೀಲುಗಳೂ ಹೀಗೆಯೇ ಸದ್ದಿಲ್ಲದೆ ಸಡಿಲವಾಗುತ್ತವೆ. ಆದುದರಿಂದಲೇ ಕೀಮನ್ ದಿನವೂ ನಡೆದು ಅವನ್ನು ಬಿಗಿಗೊಳಿಸುತ್ತಾನೆ.

ಅಮೆರಿಕದ ಮನೋವಿಜ್ಞಾನಿ ಆರ್ಥರ್ ಆರನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ದಂಪತಿಗಳ ಕೈಕಾಲುಗಳನ್ನು ಜೊತೆಗೂಡಿಸಿ ಕಟ್ಟಿ 7 ನಿಮಿಷ ಅಂಬೆಗಾಲಿಡಿಸಿದರು. ನೀರಸ ಕೆಲಸ ಮಾಡಿದವರಿಗಿಂತ ಇವರಲ್ಲಿ ದಾಂಪತ್ಯದ ತೃಪ್ತಿ ಹೆಚ್ಚಿತು. ಹೊಸತೊಂದನ್ನು ಇಬ್ಬರೂ ಕೂಡಿ ಮಾಡಿದ್ದೇ ಕಾರಣವೆಂದು ಅವರ ತೀರ್ಮಾನ.

ಈ ವಯಸ್ಸಿನಲ್ಲಿ ನಾವು ಅಂಬೆಗಾಲಿಡಬೇಕಾಗಿಲ್ಲ. ಕಾಣದ ಊರಿಗೆ ಜೊತೆಯಾಗಿ ಹೋಗಬಹುದು. ಪತ್ನಿಯಿಂದ ಹುಳಿ ಮಾಡುವುದನ್ನು ಕಲಿಯಬಹುದು.

ಸಪ್ತಪದಿಯ ಏಳನೆಯ ಹೆಜ್ಜೆ ಸಖ್ಯಕ್ಕಾಗಿ ಇಟ್ಟದ್ದು. ಅದನ್ನು ಇಂದು ಸಂಜೆಯೇ ಮತ್ತೊಮ್ಮೆ ಇಡೋಣ.